ಮಗನ ಕಸಂ ಪರೇಡ್‌ಗೆ ಹೊರಟಿದ್ದೀರಾ? ಊರು ಬಿಡುವ ಮುಂಚೆ ಇಷ್ಟು ತಿಳಿದಿರಲಿ

ಹಾವೇರಿ: ಸೇನಾ ತರಬೇತಿ ಮುಗಿಸಿದ ಮಗನ ಪರೇಡ್ ನೋಡಲು ಹೊರಡುವ ನಮ್ಮ ಜನ ಮಾಡುವ ದೊಡ್ಡ ತಪ್ಪು ಅಂದ್ರೆ ಮದುವೆಗೆ ಹೊರಟಂತೆ ಹೊರಡುವುದು. ಕ್ರೂಸರ್ ತುಂಬ ಮಂದಿ, ಬುತ್ತಿ ಗಂಟು, ಹಾರ-ತುರಾಯಿ. ನಸುಕಿನಲ್ಲಿ ಊರು ಬಿಟ್ಟು ಗೇಟ್ ಮುಟ್ಟುವಷ್ಟರಲ್ಲಿ ಒಳಗೆ ಬ್ಯಾಂಡ್ ಶುರುವಾಗಿರುತ್ತದೆ. ಪಟ್ಟಿಯಲ್ಲಿ ಇಬ್ಬರದ್ದೇ ಹೆಸರು, ಅದರಲ್ಲಿ ಅವ್ವನ ಆಧಾರ್ ಮನೆಯಲ್ಲೇ ಉಳಿದಿರುತ್ತದೆ. ಹುಡುಗ ತಿಂಗಳುಗಟ್ಟಲೆ ಕಾದ ದಿನ ಹೀಗೆ ಹಾಳಾಗಬಾರದು.

ಮೊದಲು ಜಾಗ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ‘ಮಿಲಿಟ್ರಿ ಟ್ರೇನಿಂಗ್, ಬೆಳಗಾವಿ’ ಅಂದರೆ ಸಾಲದು. ಬೆಳಗಾವಿಯಲ್ಲೇ ಎರಡು ಬೇರೆ ಬೇರೆ ಕೇಂದ್ರಗಳಿವೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದು ಕ್ಯಾಂಪ್ ಪ್ರದೇಶದಲ್ಲಿ, ರೈಲು ನಿಲ್ದಾಣದಿಂದ ಆಟೊದಲ್ಲಿ ಹೋಗುವಷ್ಟು ಹತ್ತಿರ. ವಾಯುಪಡೆಯ ತರಬೇತಿ ಶಾಲೆ ಇರುವುದು ಊರ ಹೊರಗೆ ಸಾಂಬ್ರಾದಲ್ಲಿ, ವಿಮಾನ ನಿಲ್ದಾಣದ ಮಗ್ಗುಲಲ್ಲಿ. ಅಗ್ನಿವೀರ ವಾಯು ಆದವನನ್ನು ಕ್ಯಾಂಪಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಬೆಂಗಳೂರಿನಲ್ಲಂತೂ ಇನ್ನೂ ಗೊಂದಲ. ಮದ್ರಾಸ್ ಸ್ಯಾಪರ್ಸ್ ಅಂತ ಕರೆಯುವ ಎಂ.ಇ.ಜಿ. ಕೇಂದ್ರ ಹಲಸೂರು ಕೆರೆಯ ಬಳಿ ಇದೆ. ಎ.ಎಸ್.ಸಿ. ಕೇಂದ್ರವೇ ಬೇರೆ, ಮಿಲಿಟರಿ ಪೊಲೀಸರ ಕೇಂದ್ರವೇ ಬೇರೆ. ಸೇನೆಯ ಮಿಲಿಟರಿ ಪೊಲೀಸ್ ವಿಭಾಗಕ್ಕೆ ಸೇರಿದ ಮೊದಲ ಮಹಿಳಾ ತಂಡದ 83 ಮಂದಿ 2021ರ ಮೇ 8ರಂದು ಪರೇಡ್ ಮುಗಿಸಿದ್ದು ಇದೇ ಕೇಂದ್ರದಲ್ಲಿ. ಹಾಗಾಗಿ ‘ಮಗನ ಪರೇಡ್’ ಅಂತ ನಾವು ಬರೆದದ್ದನ್ನು ಮಗಳ ಪರೇಡ್ ಅಂತಲೂ ಓದಿಕೊಳ್ಳಿ. ಫಿರಂಗಿ ದಳದವರಾದರೆ ನಾಸಿಕ್ ರೋಡ್ ಅಥವಾ ಹೈದರಾಬಾದ್, ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲಿಂಗ್ಟನ್. ನೌಕಾಪಡೆಯವರಿಗೆ ಒಡಿಶಾದ ಐಎನ್ಎಸ್ ಚಿಲ್ಕಾ. ಅಲ್ಲಿ ಅಗ್ನಿವೀರರ ಮೊದಲ ತಂಡದ ಪರೇಡ್ 2023ರ ಮಾರ್ಚ್ 28ರಂದು ಸೂರ್ಯ ಮುಳುಗಿದ ಮೇಲೆ ನಡೆದಿತ್ತು. ಪರೇಡ್ ಅಂದ್ರೆ ಮುಂಜಾನೆಯೇ ಅಂತ ಲೆಕ್ಕ ಹಾಕದೆ ಹೊತ್ತು ಎಷ್ಟು ಅಂತ ಕೇಳಿಕೊಳ್ಳಿ.

ಕೇಂದ್ರದ ಪೂರ್ತಿ ಹೆಸರು, ಗೇಟ್ ಯಾವುದು, ಎಷ್ಟು ಗಂಟೆಗೆ ಒಳಗಿರಬೇಕು, ಎಷ್ಟು ಜನರಿಗೆ ಅವಕಾಶ, ಮೊಬೈಲ್ ಬಿಡುತ್ತಾರಾ – ಇವಿಷ್ಟನ್ನು ಹುಡುಗನಿಂದಲೇ ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ತರಬೇತಿಯಲ್ಲಿ ಅವನ ಕೈಗೆ ಫೋನ್ ಸಿಗುವುದೇ ಅಪರೂಪ. ಸಿಕ್ಕ ಹತ್ತು ನಿಮಿಷ ‘ಊಟ ಆತಾ, ಮೈ ಹೆಂಗೈತಿ’ ಅನ್ನುವುದರಲ್ಲೇ ಕಳೆದು ಹೋಗುತ್ತದೆ. ಬರುವವರ ಹೆಸರನ್ನು ಆಧಾರ್‌ನಲ್ಲಿ ಇದ್ದ ಹಾಗೇ ಅವನಿಗೆ ಹೇಳಿ. ಮನೆಯಲ್ಲಿ ಕರೆಯುವ ಹೆಸರು ಬೇರೆ, ಕಾರ್ಡಿನಲ್ಲಿರುವುದು ಬೇರೆ ಆದರೆ ಗೇಟಿನಲ್ಲಿ ತಕರಾರು. ಮೂಲ ಕಾರ್ಡೇ ಕೈಯಲ್ಲಿರಲಿ.

ಹಾವೇರಿಯಿಂದ ಹುಬ್ಬಳ್ಳಿ, ಧಾರವಾಡ ದಾಟಿ ಬೆಳಗಾವಿ ಮುಟ್ಟಲು ಬಸ್ಸಿನಲ್ಲಿ ನಾಲ್ಕು ತಾಸು ಹಿಡಿಯಿರಿ. ಮುಂಜಾನೆಯ ಪರೇಡ್ ಆದರೆ ಹಿಂದಿನ ದಿನವೇ ಹೋಗಿ ಲಾಡ್ಜ್ ಮಾಡುವುದು ಒಳ್ಳೆಯದು. ಒಂದು ದಿನದ ವ್ಯಾಪಾರ ಹೋಗುತ್ತೆ, ನಿಜ. ಆದರೆ ಇಪ್ಪತ್ತು ಜನರ ಗಾಡಿ ಬಾಡಿಗೆಗಿಂತ ಇಬ್ಬರು ಮೂವರ ಬಸ್ ಚಾರ್ಜ್, ಲಾಡ್ಜ್ ಖರ್ಚು ಕಡಿಮೆಯೇ.

ಒಳಗೆ ಏನು ನಡೆಯುತ್ತದೆ

ಕಸಂ ಅಂದ್ರೆ ಆಣೆ. ಬೆಳಗಾವಿ ಕ್ಯಾಂಪಿನಲ್ಲಿ ಅಗ್ನಿವೀರರಿಗೆ 31 ವಾರಗಳ ತರಬೇತಿ. ಅದು ಮುಗಿದ ಮೇಲೆ ಈ ಆಣೆ ಆಗುವ ತನಕ ಹುಡುಗ ‘ರಿಕ್ರೂಟ್’, ಆದ ಮೇಲೆ ಸೈನಿಕ. ರಾಷ್ಟ್ರಧ್ವಜದ ಎದುರು, ಧರ್ಮಗುರುಗಳ ಸಮ್ಮುಖದಲ್ಲಿ, ತಮ್ಮ ತಮ್ಮ ಧರ್ಮಗ್ರಂಥದ ಸಾಕ್ಷಿಯಾಗಿ ಪ್ರಮಾಣ ಮಾಡುತ್ತಾರೆ. ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ನೆಲ-ಜಲ-ಆಕಾಶ ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ, ಪ್ರಾಣಕ್ಕೆ ಕುತ್ತು ಬಂದರೂ ಮೇಲಿನವರ ಆದೇಶ ಪಾಲಿಸುತ್ತೇನೆ ಅನ್ನುವುದು ಅದರ ತಿರುಳು. ಹೇಳುವುದು ಹಿಂದಿಯಲ್ಲಿ, ನೂರಾರು ಹುಡುಗರು ಒಂದೇ ದನಿಯಲ್ಲಿ. ಭಾಷೆ ಬಾರದ ಅವ್ವಂದಿರಿಗೆ ಆ ಪ್ರಾಣದ ಮಾತನ್ನು ಮುಂಚೆಯೇ ತಿಳಿಸಿ ಹೇಳಿ. ಪಕ್ಕದವರು ಯಾಕೆ ಕಣ್ಣೊರೆಸಿಕೊಳ್ಳುತ್ತಿದ್ದಾರೆ ಅಂತ ಆಮೇಲೆ ಕೇಳುವಂತಾಗಬಾರದು.

ಧ್ವಜ ಮತ್ತು ರೆಜಿಮೆಂಟಿನ ನಿಶಾನೆ ಮುಂದೆ ಬಂದಾಗ ಎದ್ದು ನಿಲ್ಲಬೇಕು. ‘ದಾಹಿನೇ ದೇಖ್’ ಅಂತ ಕೂಗಿದಾಗ ಸಾಲು ಸಾಲೇ ಬಲಕ್ಕೆ ಮುಖ ತಿರುಗಿಸಿ ಅಧಿಕಾರಿಗೆ ವಂದಿಸುತ್ತಾ ಸಾಗುತ್ತದೆ. ಇಲ್ಲೇ ಎಲ್ಲರೂ ಏಮಾರುವುದು. ಒಂದೇ ಬಟ್ಟೆ, ಒಂದೇ ಕಟಿಂಗ್, ಬಿಸಿಲಿಗೆ ಎಲ್ಲರದ್ದೂ ಒಂದೇ ಬಣ್ಣ, ಅದರ ಮೇಲೆ ಮೈ ಇಳಿದಿರುತ್ತದೆ. ಹೆತ್ತವರಿಗೂ ಗುರುತು ಹತ್ತುವುದಿಲ್ಲ. ಯಾವ ಪ್ಲಟೂನ್, ಎಷ್ಟನೇ ಸಾಲು, ಯಾವ ಬದಿ ಅಂತ ಮುಂಚೆ ಕೇಳಿಕೊಂಡವರು ಮಾತ್ರ ಗೆದ್ದರು. ಹೆಸರು ಹಿಡಿದು ಕೂಗಬೇಡಿ. ಅವನು ತಿರುಗಿ ನೋಡುವ ಹಾಗಿಲ್ಲ, ಆಮೇಲೆ ಉಸ್ತಾದ್ ಹತ್ತಿರ ಬೈಸಿಕೊಳ್ಳುವುದು ಅವನೇ.

ಪರೇಡ್ ಮುಗಿದ ಮೇಲೆ ಸೇನೆಯ ಹಲವು ಕೇಂದ್ರಗಳಲ್ಲಿ ತಂದೆ-ತಾಯಿಗೆ ‘ಗೌರವ ಪದಕ’ ತೊಡಿಸುವ ಪದ್ಧತಿ ಇದೆ. ಅವ್ವನ ಸೆರಗಿಗೆ ಅದನ್ನು ಚುಚ್ಚುವ ಗಳಿಗೆಯ ಫೋಟೊ ನಮ್ಮ ತಾಲ್ಲೂಕಿನ ಮನೆಗಳಲ್ಲಿ ಗೋಡೆ ಮೇಲೆ ನೋಡಬಹುದು. ಬಿಟ್ಟ ಜಾಗದಲ್ಲಷ್ಟೇ ಫೋಟೊ ತೆಗೆಯಿರಿ. ಬ್ಯಾರಕ್, ಗೇಟ್, ಬಂದೂಕಿನ ಕೋಣೆ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಬುತ್ತಿ ಬಗ್ಗೆ: ರೊಟ್ಟಿ, ಶೇಂಗಾ ಹಿಂಡಿ, ಕರದಂಟು ಒಯ್ಯಿರಿ, ಆದರೆ ಒಳಗೆ ಬಿಡುತ್ತಾರೋ ಇಲ್ಲವೋ ಕೇಳಿಕೊಂಡು. ಕೆಡದ ತಿನಿಸೇ ಇರಲಿ. ಪರೇಡ್ ದಿನವೇ ಹುಡುಗ ನಿಮ್ಮ ಜೊತೆ ಬಸ್ ಹತ್ತುತ್ತಾನೆ ಅಂತ ಮಾತ್ರ ಅಂದುಕೊಳ್ಳಬೇಡಿ. ರಜೆ ಯಾವತ್ತಿನಿಂದ ಅನ್ನುವುದು ಅವನ ಕೈಯಲ್ಲಿಲ್ಲ. ಅದು ತಿಳಿಯದೆ ಊರಲ್ಲಿ ಮೆರವಣಿಗೆಯ ದಿನ ಗೊತ್ತು ಮಾಡಿ, ಡೊಳ್ಳಿನವರಿಗೆ ಮುಂಗಡ ಕೊಟ್ಟು ಪೇಚಿಗೆ ಸಿಕ್ಕವರಿದ್ದಾರೆ.

ಫ್ಲೆಕ್ಸ್, ಸಾಲ, ಫೋನ್ ಕರೆ

ಸ್ವಾಗತದ ಫ್ಲೆಕ್ಸ್‌ನಲ್ಲಿ ಹೆಸರು, ಫೋಟೊ ಸಾಕು. ಮುಂದೆ ಯಾವ ಘಟಕಕ್ಕೆ, ಯಾವ ಊರಿಗೆ, ಯಾವ ದಿನ ಹೊರಡುತ್ತಾನೆ ಅನ್ನುವುದನ್ನು ಫ್ಲೆಕ್ಸ್‌ಗೂ ಹಾಕಬೇಡಿ, ವಾಟ್ಸಾಪ್ ಸ್ಟೇಟಸ್‌ಗೂ ಹಾಕಬೇಡಿ.

ಇನ್ನೊಂದು ಮಾತು, ಬೇಜಾರಾಗಬೇಡಿ. ಸಡಗರಕ್ಕಂತ ಸಾಲ ಎತ್ತುವ ಮುಂಚೆ ಲೆಕ್ಕ ನೋಡಿ. ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000 ಅಂತಿದ್ದರೂ ಕೈಗೆ ಬರುವುದು 21,000 ರೂಪಾಯಿ, ಉಳಿದ 9,000 ಸೇವಾ ನಿಧಿಗೆ ಹೋಗುತ್ತದೆ. ಸೇವೆ ನಾಲ್ಕು ವರ್ಷದ್ದು. ಆಮೇಲೆ ಕಾಯಂ ಆಗುವುದು ಒಂದು ತಂಡದಲ್ಲಿ ಶೇ. 25ರವರೆಗೆ ಮಾತ್ರ.

‘ನಿಮ್ಮ ಮಗನ ಪರೇಡ್ ಪಾಸ್‌ಗೆ ದುಡ್ಡು ಹಾಕಿ’ ಅಂತ ಯಾರಾದರೂ ಫೋನ್ ಮಾಡಿದರೆ ಕಟ್ ಮಾಡಿ, ಹುಡುಗನನ್ನೇ ಕೇಳಿ. ಅಂಗಡಿಯವರೂ ಎಚ್ಚರ. ಸೇನೆಯವರು ಅಂತ ಹೇಳಿ, ಸಮವಸ್ತ್ರದ ಫೋಟೊ ಕಳಿಸಿ, ದೊಡ್ಡ ಆರ್ಡರ್ ಕೊಟ್ಟು, ಹಣ ಹಾಕುತ್ತೇವೆ ಕ್ಯೂಆರ್ ಸ್ಕ್ಯಾನ್ ಮಾಡಿ ಅನ್ನುವ ಮೋಸ ಹಳೆಯದು. ಹಣ ಬರಬೇಕಾದರೆ ನೀವು ಸ್ಕ್ಯಾನ್ ಮಾಡುವ, ಪಿನ್ ಒತ್ತುವ ಅಗತ್ಯವೇ ಇಲ್ಲ. ದುಡ್ಡು ಹೋಗಿಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಹೋಗಲು ಆಗದ ಮನೆಗಳೂ ಇವೆ. ಬಿತ್ತನೆ ದಿನ, ಕಾಯಿಲೆ, ಚಿಲ್ಕಾದಂಥ ದೂರ. ಪರೇಡ್ ಮುಗಿದು ಎಲ್ಲರೂ ಅವರವರ ಮನೆಯವರನ್ನು ಅಪ್ಪಿಕೊಳ್ಳುವಾಗ ಕೆಲವು ಹುಡುಗರು ಮೈದಾನದ ಅಂಚಿನಲ್ಲಿ ಸುಮ್ಮನೆ ಟೋಪಿ ಸರಿ ಮಾಡಿಕೊಳ್ಳುತ್ತಾ ನಿಂತಿರುತ್ತಾರೆ. ನಿಮ್ಮ ಮಗನಿಗೆ ಹೇಳಿ, ಅಂಥ ಗೆಳೆಯನನ್ನು ಕರೆದುಕೊಂಡು ಬರುತ್ತಾನೆ. ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿರಿ. ಜೊತೆಗೆ ನಿಲ್ಲಿಸಿಕೊಂಡು ಒಂದು ಫೋಟೊ ತೆಗೆದು ಅವರ ಮನೆಗೆ ಕಳಿಸಿ, ನಂಬರ್ ಅವನೇ ಹೇಳುತ್ತಾನೆ.