ಬಸವಣ್ಣ: ವ್ಯಕ್ತಿತ್ವದ ಚಾರಿತ್ರಿಕ ವಿಮರ್ಶೆ

ಹನ್ನೆರಡನೆಯ ಶತಮಾನದ ಶರಣ, ಕಲ್ಯಾಣದ ಕಳಚುರಿ ಅರಸ ಬಿಜ್ಜಳನ ಭಂಡಾರಿ ಬಸವಣ್ಣನವರ ನಡತೆಯನ್ನು ಕುರಿತ ಚರ್ಚೆಗಳ ಇತಿಹಾಸ. ಅರಸನ ಬೊಕ್ಕಸವನ್ನು ಜಂಗಮರಿಗೆ ಸುರಿದರೆ? ಬಿಜ್ಜಳನ ಸಾವಿನಲ್ಲಿ ಅವರ ಕೈಯಿತ್ತೆ? ಲಿಂಗಾಯತ ಧರ್ಮವನ್ನು ಸ್ಥಾಪಿಸಿದವರು ಅವರೇನಾ? ಜಗಳವೆಲ್ಲ ಬಹುಪಾಲು ಈ ಮೂರರ ಸುತ್ತಲೇ ತಿರುಗಿದೆ. ಅಮೆರಿಕದಲ್ಲಿ ಮಾರ್ಮನ್ ಪಂಥ ಕಟ್ಟಿದ ಜೋಸೆಫ್ ಸ್ಮಿತ್ ಮೇಲೆ ನೆರೆಹೊರೆಯವರು ಹೊರಿಸಿದ ದೂರುಗಳು ಅವನು ಬದುಕಿದ್ದಾಗಲೇ, 1834ರಲ್ಲಿ, ಅಚ್ಚಾಗಿದ್ದವು. ಬಸವಣ್ಣನವರ ವಿಷಯದಲ್ಲಿ ಅಂಥ ಸಮಕಾಲೀನ ಸಾಕ್ಷ್ಯವಿಲ್ಲ. ಅತ್ಯಂತ ಕಟುವಾದ ಆರೋಪಗಳು ಸುಮಾರು ಐನೂರು ವರ್ಷ ತಡವಾಗಿ ಬರಹಕ್ಕಿಳಿದವು.

ಕನ್ನಡದಲ್ಲಿ ಸಿಗುವ ಮೊದಲ ಜೀವನಕಥನ ಹರಿಹರನ ‘ಬಸವರಾಜದೇವರ ರಗಳೆ’. ಹಂಪೆಯಲ್ಲಿ ನೆಲೆಸುವ ಮುನ್ನ ಹರಿಹರ ದೋರಸಮುದ್ರದ, ಅಂದರೆ ಇಂದಿನ ಹಳೇಬೀಡಿನ, ಹೊಯ್ಸಳ ಅರಮನೆಯಲ್ಲಿ ಕರಣಿಕನಾಗಿದ್ದನೆಂದು ಸಂಪ್ರದಾಯ ಹೇಳುತ್ತದೆ. ಲೆಕ್ಕ ಬರೆದ ಕೈಯೇ ರಗಳೆಯನ್ನೂ ಬರೆದದ್ದಾದರೆ, ಬೊಕ್ಕಸದ ಪ್ರಸಂಗಕ್ಕೆ ಅಲ್ಲಿ ದೊರೆತಿರುವ ಜಾಗ ಅಚ್ಚರಿಯದಲ್ಲ. ಕೊಂಡೆಯ ಮಂಚಣ್ಣ ಬಿಜ್ಜಳನ ಕಿವಿಯೂದುತ್ತಾನೆ, ಅರಸ ಲೆಕ್ಕ ಕೇಳುತ್ತಾನೆ, ಹೊನ್ನು ಒಂದಿಷ್ಟೂ ಕಡಿಮೆಯಿರುವುದಿಲ್ಲ. ಕವಿ ಇದನ್ನು ಪವಾಡವೆಂದು ಹೇಳಿದ. ಆದರೆ ದೂರು ಇತ್ತೆಂಬುದನ್ನು ಮುಚ್ಚಿಡಲಿಲ್ಲ. ಹಣದ ಆರೋಪವನ್ನು ವಿರೋಧಿಗಳೇ ಹುಟ್ಟುಹಾಕಿದರೆಂಬ ವಾದ ಇದರಿಂದ ಸಡಿಲವಾಗುತ್ತದೆ. ರಗಳೆಯಲ್ಲಿ ಹರಿಹರನದೆಂದು ವಿದ್ವಾಂಸರು ಒಪ್ಪಿರುವ ಹದಿಮೂರು ಸ್ಥಲಗಳಲ್ಲಿ ಬಿಜ್ಜಳನ ಸಾವಿನ ಮಾತಿಲ್ಲ.

ಸಾವಿನ ಕಥೆ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ ಅದನ್ನು ಅನುಸರಿಸಿದ ಭೀಮಕವಿಯ ಕನ್ನಡ ಕೃತಿಯಲ್ಲಿಯೂ (1369) ಬರುತ್ತದೆ. ಇಬ್ಬರು ಶರಣರ ಕಣ್ಣು ಕೀಳಿಸಿದ ಅರಸನನ್ನು ಜಗದೇವ, ಮಲ್ಲಯ್ಯ, ಬೊಮ್ಮಯ್ಯ ಕೊಲ್ಲುತ್ತಾರೆ. ಬಸವಣ್ಣನವರು ಆ ವೇಳೆಗೆ ಕೂಡಲಸಂಗಮಕ್ಕೆ ಹೊರಟುಹೋಗಿರುತ್ತಾರೆ. ಹದಿನೇಳನೆಯ ಶತಮಾನದ ಜೈನಕವಿ ಧರಣಿಪಂಡಿತನ ‘ಬಿಜ್ಜಳರಾಯಚರಿತೆ’ ಇದನ್ನೇ ತಿರುವುಮುರುವು ಮಾಡಿತು. ಅದರಲ್ಲಿ ಬಿಜ್ಜಳ ಬಸವಣ್ಣನ ತಂಗಿ ಪದ್ಮಾವತಿಯನ್ನು ವರಿಸುತ್ತಾನೆ. ಕೊಲ್ಹಾಪುರದ ದಂಡಯಾತ್ರೆಯಿಂದ ಮರಳುವಾಗ ಭೀಮಾ ತೀರದ ಬೀಡಿನಲ್ಲಿ ಬಸವಣ್ಣ ಕಳಿಸಿದ ವಿಷದ ಹಣ್ಣಿನಿಂದ ಸಾಯುತ್ತಾನೆ. ಶಾಸನಗಳಲ್ಲಿ ಈ ಎರಡರ ಸುಳಿವೂ ಇಲ್ಲ. ಬಿಜ್ಜಳ 1167ರ ಹೊತ್ತಿಗೆ ಮಗ ಸೋವಿದೇವನಿಗೆ ರಾಜ್ಯ ಒಪ್ಪಿಸಿದನೆಂಬುದಷ್ಟೇ ಅವುಗಳಿಂದ ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಬರಹಗಾರರು ಶಾಸನ ನೋಡುವ ಮುಂಚೆ ಪುರಾಣಗಳನ್ನು ಓದಿದ್ದರಿಂದ ಜೈನ ಕಥನ ಬಹುಕಾಲ ಇತಿಹಾಸದ ಪುಸ್ತಕಗಳಲ್ಲಿ ಉಳಿಯಿತು.

ಶಾಸನತಜ್ಞ ಜೆ. ಎಫ್. ಫ್ಲೀಟ್ ವಾದವನ್ನು ಬೇರೆ ದಾರಿಗೆ ಎಳೆದ. ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ, ಜೈನರೊಡನೆ ಪಂಥ ಕಟ್ಟಿ ತಲೆಯರಿದುಕೊಂಡು ಮತ್ತೆ ಪಡೆದ ಏಕಾಂತದ ರಾಮಯ್ಯನನ್ನೂ ಅವನಿಗೆ ಬಿಜ್ಜಳ ಕೊಟ್ಟ ಜಯಪತ್ರವನ್ನೂ ಹೇಳುತ್ತದೆ, ಬಸವಣ್ಣನವರ ಹೆಸರೆತ್ತುವುದಿಲ್ಲ. ಶೈವ ಪುನರುತ್ಥಾನದ ನಿಜವಾದ ನಾಯಕ ರಾಮಯ್ಯನೇ ಎಂದು ಫ್ಲೀಟ್ ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ (1898–99) ಬರೆದ. ಮನಗೂಳಿಯ 1161ರ ಶಾಸನದಲ್ಲಿ ಬರುವ ಚಂದಿರಾಜನ ಮಗ ಬಸವನೇ ಬಿಜ್ಜಳನ ಮಂತ್ರಿ ಎಂದೂ ಊಹಿಸಿದ. ಒಂದು ಕಲ್ಲಿನ ಮೌನದ ಮೇಲೆ ಇಷ್ಟು ಎತ್ತರದ ಗೋಡೆ ಏಳಿಸಬಾರದಿತ್ತು. ಆದರೂ ಬಸವಣ್ಣ ಇದ್ದರೆಂಬುದಕ್ಕೆ ಶಾಸನದ ಆಧಾರ ತೋರಿಸಬೇಕಾದ ಹೊಣೆ ಮುಂದಿನ ತಲೆಮಾರಿನ ಹೆಗಲೇರಿದ್ದು ಅವನಿಂದಲೇ.

ಆ ಆಧಾರ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಸಿಕ್ಕಿತು. ಸೇವುಣ ಅರಸ ಕನ್ನರನ ಕಾಲದ 1260ರ ಈ ಶಾಸನ ಬಾಗೇವಾಡಿಯ ಮಾದಿರಾಜನ ಮಗ ಬಸವರಾಜನನ್ನು ಕೊಂಡಾಡುತ್ತದೆ. ದತ್ತಿ ಪಡೆದ ಹಾಲಬಸವಿದೇವ, ಬಸವರಾಜನ ಅಣ್ಣ ದೇವರಾಜನ ವಂಶದವನು. ತಂದೆಯ ಹೆಸರು ಕಾವ್ಯಗಳಿಗೆ ಸರಿಹೊಂದಿತು, ಮನಗೂಳಿಯ ಚಂದಿರಾಜ ಪಕ್ಕಕ್ಕೆ ಸರಿದ. ಕಾವ್ಯಗಳು ಹೇಳದ ಅಣ್ಣನೊಬ್ಬ ಹೊಸದಾಗಿ ಸೇರಿದ. ಮುಂದೆ ಪಿ. ಬಿ. ದೇಸಾಯಿ, ಎಂ. ಚಿದಾನಂದಮೂರ್ತಿ ಮೊದಲಾದವರು ಶಾಸನ, ಕಾವ್ಯ, ವಚನಗಳನ್ನು ಜೊತೆಗಿಟ್ಟು ಚರಿತ್ರೆ ಬರೆದರು.

1980ರ ನಂತರ ವಿವಾದ ಬಸವಣ್ಣನವರಿಗಿಂತ ಹೆಚ್ಚಾಗಿ ಅವರ ಮನೆಯವರನ್ನು ಸುತ್ತಿಕೊಂಡಿತು. ಪತ್ನಿ ನೀಲಾಂಬಿಕೆ, ಸೋದರಳಿಯ ಚೆನ್ನಬಸವಣ್ಣನ ಜನನ ಕುರಿತ ಬರಹಗಳಿಗಾಗಿ ಎಂ. ಎಂ. ಕಲಬುರ್ಗಿಯವರ ‘ಮಾರ್ಗ’ ಮೊದಲ ಸಂಪುಟ 1989ರಲ್ಲಿ ಪ್ರತಿಭಟನೆಗೆ ಗುರಿಯಾಯಿತು, ಅವರು ಆ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಸೋದರಿ ಅಕ್ಕನಾಗಮ್ಮನ ಚಿತ್ರಣದ ಕಾರಣಕ್ಕೆ ಪಿ. ವಿ. ನಾರಾಯಣರ ಕಾದಂಬರಿ ‘ಧರ್ಮಕಾರಣ’ವನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಅದೇ ಕೃತಿಗೆ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಿತ್ತು! ಸುಪ್ರೀಂ ಕೋರ್ಟ್ 2007ರಲ್ಲಿ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಬಸವಣ್ಣನವರ ಹುಟ್ಟಿನ ಜಾತಿಯನ್ನು ಪ್ರಶ್ನಿಸಿದ ಬಂಜಗೆರೆ ಜಯಪ್ರಕಾಶರ ‘ಆನು ದೇವಾ ಹೊರಗಣವನು’ ಗದ್ದಲ ಎಬ್ಬಿಸಿದ್ದೂ ಅದೇ ವರ್ಷ.

2022ರ ಪಠ್ಯಪುಸ್ತಕ ಪರಿಷ್ಕರಣೆಯ ಜಗಳವನ್ನು ಪತ್ರಿಕೆಗಳು ರಾಜಕೀಯವಾಗಿ ಮಾತ್ರ ನೋಡಿದವು. ಬಸವಣ್ಣನವರ ಉಪನಯನ ಆಗಿತ್ತೆಂಬ ವಾಕ್ಯಕ್ಕೆ ಮಠಾಧೀಶರು ಆಕ್ಷೇಪಿಸಿದ್ದರು. ಈ ಭಿನ್ನಾಭಿಪ್ರಾಯ ಎರಡು ಹಳೆಯ ಕಾವ್ಯಗಳ ನಡುವೆಯೇ ಇದೆ. ಭೀಮಕವಿಯಲ್ಲಿ ಎಂಟು ವರ್ಷದ ಬಾಲಕ ತಂದೆಯೆದುರು ಉಪನಯನವನ್ನೇ ನಿರಾಕರಿಸುತ್ತಾನೆ. ಹರಿಹರನಲ್ಲಿ ಉಪನಯನ ಆಗಿರುತ್ತದೆ. ತಂದೆತಾಯಿಯನ್ನು ಕಳೆದುಕೊಂಡು ಬೆಳೆದ ಯುವಕ ಆಮೇಲೆ ಜನಿವಾರ ಕಿತ್ತೆಸೆದು ಕಪ್ಪಡಿಸಂಗಮದ, ಅಂದರೆ ಕೂಡಲಸಂಗಮದ, ಹಾದಿ ಹಿಡಿಯುತ್ತಾನೆ. ಹಳೆಯದು ಹರಿಹರನ ನಿರೂಪಣೆ, ಜನಮನದಲ್ಲಿ ನಿಂತದ್ದು ಪುರಾಣದ್ದು. ಜನವರಿ 2024ರಲ್ಲಿ ರಾಜ್ಯ ಸಚಿವ ಸಂಪುಟ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು.