ಹಾರ್ಡ್ ಡಿಸ್ಕ್‌ಗೂ ಒಂದು ಅವಳಿ: ಕ್ಲೋನಿಂಗ್ ಸಾಫ್ಟ್‌ವೇರ್‌ಗಳ ಚರಿತ್ರೆ

1.
"ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸ್ತಿದ್ದೀನಿ, ಕ್ಲೋನ್ ಮಾಡೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು?" ಕ್ಲಾಸಲ್ಲಿ ಆಗಾಗ ಕೇಳಿಬರೋ ಪ್ರಶ್ನೆ ಇದು. ಒಂದು ಹೆಸರು ಹೇಳಿಬಿಡೋದು ಸುಲಭ. ಆದ್ರೆ ಈ ಪ್ರಶ್ನೆಯ ಹಿಂದೆ ಐವತ್ತು ವರ್ಷದ ಚರಿತ್ರೆ ಇದೆ. ಅದು ಗೊತ್ತಿದ್ರೆ ಉತ್ತರ ನೀವೇ ಹುಡುಕ್ಕೋತೀರಿ.

ಮೊದಲು ಒಂದು ವಿಷಯ: ಫೈಲ್ ಕಾಪಿ ಬೇರೆ, ಕ್ಲೋನ್ ಬೇರೆ. ಫೋಟೊ, ನೋಟ್ಸ್ ಎಲ್ಲಾ ಕಾಪಿ-ಪೇಸ್ಟ್ ಆಗುತ್ತೆ. ವಿಂಡೋಸ್ ಆಗಲ್ಲ. ಕಂಪ್ಯೂಟರ್ ಆನ್ ಆಗೋಕೆ ಬೇಕಾದ ಮಾಹಿತಿ ಡಿಸ್ಕಿನಲ್ಲಿ ನಮ್ಮ ಕಣ್ಣಿಗೆ ಕಾಣದ ಜಾಗದಲ್ಲಿರುತ್ತೆ. ಅದನ್ನೂ ಸೇರಿಸಿ ನಕಲು ಮಾಡಿದ್ರೇ ಕ್ಲೋನ್.

2.
ಈ ಕೆಲಸದ ಹಿರಿಯಜ್ಜನ ಹೆಸರು ಎರಡೇ ಅಕ್ಷರ: ಡಿಡಿ. 1974 ರ ಯುನಿಕ್ಸ್‌ನಲ್ಲಿ ಬಂದ ಈ ಕಮಾಂಡ್ ಇವತ್ತಿಗೂ ಲಿನಕ್ಸ್‌ನಲ್ಲಿದೆ. ಡಿಸ್ಕಿನಲ್ಲಿ ಏನಿದೆ ಅಂತ ಅದು ನೋಡೋದೇ ಇಲ್ಲ. ಮೊದಲಿಂದ ಕೊನೇವರೆಗೆ, ಖಾಲಿ ಜಾಗವನ್ನೂ ಬಿಡದೆ ನಕಲು ಮಾಡುತ್ತೆ. ಹಾಗಾಗಿ ನಿಧಾನ. ಇನ್ನೊಂದು ಅಪಾಯವೂ ಇದೆ: ಎಲ್ಲಿಂದ, ಎಲ್ಲಿಗೆ ಅನ್ನೋದನ್ನ ಅದಲುಬದಲು ಟೈಪ್ ಮಾಡಿದ್ರೆ ಖಾಲಿ ಡಿಸ್ಕ್ ಬಂದು ತುಂಬಿದ ಡಿಸ್ಕನ್ನೇ ಅಳಿಸಿಹಾಕುತ್ತೆ. ಅದಕ್ಕೇ ಬಲ್ಲವರು ಇದಕ್ಕೆ ತಮಾಷೆಯಾಗಿ 'ಡಿಸ್ಕ್ ಡೆಸ್ಟ್ರಾಯರ್' ಅಂತ ಹೆಸರಿಟ್ಟಿದ್ದಾರೆ.

3.
ವಿಂಡೋಸ್ 95 ಬಂದ ಮೇಲೆ ಕಥೆ ಬದಲಾಯಿತು. ಡಾಸ್ ಕಾಲದಲ್ಲಿ ಫೈಲ್‌ಗಳನ್ನ ಕಾಪಿ ಮಾಡಿ ಹೇಗೋ ಸುಧಾರಿಸ್ತಿದ್ರು. ಹೊಸ ವಿಂಡೋಸ್‌ನ ಉದ್ದುದ್ದ ಫೈಲ್ ಹೆಸರುಗಳು ಡಾಸ್ ಕಾಪಿಯಲ್ಲಿ ಕತ್ತರಿಸಿಹೋಗ್ತಿದ್ವು.

ಅದೇ 1995 ರಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿದ್ದ ಬೈನರಿ ರಿಸರ್ಚ್ ಕಂಪನಿಗಾಗಿ ಮರ್ರೆ ಹ್ಯಾಝರ್ಡ್ ಬರೆದ ಸಾಫ್ಟ್‌ವೇರ್ ಘೋಸ್ಟ್. ಒಂದು ಕಂಪ್ಯೂಟರ್ ಸಿದ್ಧಮಾಡಿ, ಅದರ ಪೂರ್ತಿ ಡಿಸ್ಕನ್ನ 'ಇಮೇಜ್' ಅನ್ನೋ ಒಂದೇ ಫೈಲ್ ಮಾಡಿಟ್ಟುಕೊಂಡು, ಬೇಕಾದಷ್ಟು ಕಂಪ್ಯೂಟರ್‌ಗಳಿಗೆ ಇಳಿಸಬಹುದಿತ್ತು. ಆಮೇಲೆ ನೆಟ್‌ವರ್ಕ್ ಮೂಲಕ ಇಡೀ ಲ್ಯಾಬಿಗೆ ಒಟ್ಟಿಗೇ ಕಳಿಸುವ ಸೌಲಭ್ಯವೂ ಬಂತು. 1998 ರಲ್ಲಿ ಸಿಮ್ಯಾಂಟೆಕ್ ಇದನ್ನ ಕೊಂಡುಕೊಂಡಿತು. 'ಘೋಸ್ಟ್ ಮಾಡು' ಅನ್ನೋದೇ ಟೆಕ್ನಿಷಿಯನ್‌ಗಳ ಬಾಯಲ್ಲಿ ಕ್ರಿಯಾಪದ ಆಗೋಯ್ತು, ನಾವು 'ಜೆರಾಕ್ಸ್ ಮಾಡ್ಸು' ಅಂತೀವಲ್ಲ, ಹಾಗೆ.

4.
ಬಿಕಾಂ ಓದೋರು ಇಲ್ಲಿ ಸ್ವಲ್ಪ ನಿಂತು ನೋಡಿ. 2003 ರಲ್ಲಿ ಸಿಮ್ಯಾಂಟೆಕ್ ಎದುರಾಳಿ ಪವರ್‌ಕ್ವೆಸ್ಟ್ ಕಂಪನಿಯನ್ನೂ ಕೊಂಡಿತು. ಮುಂದೆ ಬಂದ ನಾರ್ಟನ್ ಘೋಸ್ಟ್ 9 ರ ಒಳಗಿದ್ದದ್ದು ಪವರ್‌ಕ್ವೆಸ್ಟ್‌ನ ಡ್ರೈವ್ ಇಮೇಜ್! ಹೆಸರು ಘೋಸ್ಟ್‌ನದು, ಸರಕು ಎದುರಾಳಿಯದು. ಬ್ರ್ಯಾಂಡ್ ವ್ಯಾಲ್ಯೂ ಅಂದ್ರೆ ಇದೇ.

ಆದ್ರೂ 2013 ರಲ್ಲಿ ನಾರ್ಟನ್ ಘೋಸ್ಟ್ ಮಾರಾಟ ನಿಂತಿತು. ಇತ್ತೀಚೆಗೆ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಯದೂ ಅದೇ ಗತಿ: ತುಂಬಾ ಜನ ನೆಚ್ಚಿಕೊಂಡಿದ್ದ ಅದನ್ನ ಕಂಪನಿ ನಿಲ್ಲಿಸಿತು.

ಇದರಿಂದ ನಮಗೇನು ಅಂತೀರಾ? ಸಾಫ್ಟ್‌ವೇರ್ ಸತ್ತರೆ ಅದರದೇ ಫಾರ್ಮ್ಯಾಟ್‌ನಲ್ಲಿಟ್ಟ ಇಮೇಜ್ ಬೀಗ ಹಾಕಿದ ಪೆಟ್ಟಿಗೆ ಆಗುತ್ತೆ. ಕೀಲಿ ಕಂಪನಿ ಕೈಯಲ್ಲಿ. ಒಳಗಿರೋದು ಅಂಗಡಿಯ ಹತ್ತು ವರ್ಷದ ಲೆಕ್ಕ ಆಗಿದ್ರೆ?

5.
ಈ ಭಯಕ್ಕೆ ಉತ್ತರ ತೈವಾನ್‌ನಿಂದ ಬಂತು. ಅಲ್ಲಿನ ಸರ್ಕಾರಿ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ ಸ್ಟೀವನ್ ಶಿಯಾವ್ ಮತ್ತು ಸಂಗಡಿಗರು ಕ್ಲೋನ್‌ಜಿಲ್ಲಾ ಕಟ್ಟಿದರು. ಉಚಿತ, ಓಪನ್ ಸೋರ್ಸ್. ಬರೆದವರು ನಾಳೆ ಕೈಬಿಟ್ಟರೂ ಬೇರೆಯವರು ಮುಂದುವರಿಸಬಹುದು. ಸಾಮಾನ್ಯವಾಗಿ ಡೇಟಾ ಇರೋ ಜಾಗವನ್ನಷ್ಟೇ ನಕಲು ಮಾಡುತ್ತೆ. ಫೈಲ್ ಸಿಸ್ಟಮ್ ಗುರುತು ಸಿಗದಿದ್ರೆ ನಮ್ಮ ಹಿರಿಯಜ್ಜ ಡಿಡಿಯನ್ನೇ ಕರೆಯುತ್ತೆ!

ಕೊರತೆಯೂ ಇದೆ. ಸ್ಕ್ರೀನ್ ನೋಡಿದ್ರೆ ಹೊಸಬರಿಗೆ ಗಾಬರಿ ಆಗುತ್ತೆ. ಹೊಸ ಡಿಸ್ಕ್ ಹಳೇದಕ್ಕಿಂತ ಚಿಕ್ಕದಾಗಿದ್ರೆ ಸುಲಭಕ್ಕೆ ಒಪ್ಪಲ್ಲ.

6.
ಹಾಗಾದ್ರೆ ಯಾವುದನ್ನ ಆರಿಸೋದು?

▪ 1 ಟಿಬಿ ಹಾರ್ಡ್ ಡಿಸ್ಕ್‌ನಿಂದ 500 ಜಿಬಿ ಎಸ್‌ಎಸ್‌ಡಿಗೆ ಹೋಗ್ತಿದ್ರೆ: ಎಸ್‌ಎಸ್‌ಡಿ ಕಂಪನಿಯವರೇ ಉಚಿತ ಕ್ಲೋನ್ ಸಾಫ್ಟ್‌ವೇರ್ ಕೊಡ್ತಾರಾ ಅಂತ ಮೊದಲು ನೋಡಿ. ಸ್ಯಾಮ್‌ಸಂಗ್, ಕ್ರೂಷಿಯಲ್ ಕೊಡ್ತವೆ. ಹಳೇದರಲ್ಲಿರೋ ಡೇಟಾ ಹೊಸದರಲ್ಲಿ ಹಿಡಿಸಬೇಕು, ಅಷ್ಟೆ.
▪ ಹೊಸ ಡಿಸ್ಕ್ ಅಷ್ಟೇ ಅಥವಾ ದೊಡ್ಡದಿದ್ರೆ: ಕ್ಲೋನ್‌ಜಿಲ್ಲಾ ಸಾಕು.
▪ ಹಳೇ ಡಿಸ್ಕ್ ಕಟಕಟ ಅಂತ ಸಾಯ್ತಾ ಇದ್ರೆ: ಮಾಮೂಲಿ ಕ್ಲೋನ್ ಬೇಡ. ಜಿಎನ್‌ಯು ಡಿಡಿರೆಸ್ಕ್ಯೂ ಮೊದಲು ಓದೋಕಾಗೋ ಭಾಗವನ್ನೆಲ್ಲ ಎತ್ತಿಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಕೈಹಾಕುತ್ತೆ.

ಯಾವುದೇ ಆರಿಸಿ, ಎರಡು ಕೆಲಸ ಮರೀಬೇಡಿ. ಶುರುಮಾಡೋ ಮುಂಚೆ 'ಎಲ್ಲಿಂದ, ಎಲ್ಲಿಗೆ' ಅನ್ನೋದನ್ನ ಎರಡು ಸಲ ಓದಿ. ಮುಗಿದ ಮೇಲೆ ಹೊಸ ಡಿಸ್ಕ್‌ನಿಂದಲೇ ಕಂಪ್ಯೂಟರ್ ಆನ್ ಮಾಡಿ, ನಾಲ್ಕಾರು ಫೈಲ್ ತೆರೆದು ನೋಡಿ. ಅಲ್ಲೀವರೆಗೆ ಹಳೇದನ್ನ ಫಾರ್ಮ್ಯಾಟ್ ಮಾಡ್ಬೇಡಿ. ತಾಳೆ ನೋಡದೆ ಲೆಕ್ಕದ ಪುಸ್ತಕ ಮುಚ್ಚಬಾರದು ಅಂತ ನಮಗೆ ಮೊದಲ ಸೆಮಿಸ್ಟರ್‌ನಲ್ಲೇ ಕಲಿಸಿದ್ದಾರಲ್ವಾ!

ಎಸ್‌ಎಸ್‌ಡಿ ಹಾಕಿಸೋ ಪ್ಲಾನ್ ಇರೋ ಫ್ರೆಂಡ್‌ಗೆ ಇದನ್ನ ಕಳಿಸಿ, ನೀವೂ ಸೇವ್ ಮಾಡಿಟ್ಕೊಳ್ಳಿ.

#ಕಂಪ್ಯೂಟರ್_ಚರಿತ್ರೆ #ಕನ್ನಡದಲ್ಲಿ_ಟೆಕ್