ಮಸ್ಕಿ ಬಂಡೆ ಮೇಲೆ ನಮ್ಮ ಮಾತೂ ಐತಿ



ಹೋದ ಭಾನುವಾರ ಹಾಸ್ಟೆಲಿನ ಎಂಟು ಮಕ್ಕಳನ್ನ ಕರ್ಕೊಂಡು ಸಿಂಧನೂರಿನಿಂದ ಕ್ರೂಸರ್ ಮಾಡ್ಕೊಂಡು ಹೊರಟೆ. ದಾರೀಲಿ ಒಬ್ಬ ಹುಡುಗ ಮೊಬೈಲಿನಾಗ ಪಿರಮಿಡ್ ವಿಡಿಯೋ ನೋಡ್ತಾ, "ಅಣ್ಣಾ, ನಮ್ ಕಡೆ ಇಂಥಾವು ಯಾಕಿಲ್ಲ?" ಅಂದ. "ತಡಿ, ಸಂಜೆಗೆ ಮತ್ತೆ ಕೇಳು" ಅಂದೆ.

ಮೊದಲು ಮಸ್ಕಿ. 1915ರಲ್ಲಿ, ನಿಜಾಮರ ಕಾಲದಲ್ಲಿ, ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಈ ಬಂಡೆಯ ಬ್ರಾಹ್ಮಿ ಬರಹ ಬಿತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ ಬಿರುದುಗಳಷ್ಟೇ ಇದ್ದವು. ಆ ದೊರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ್ದು ಮಸ್ಕಿ. ಪಠ್ಯಪುಸ್ತಕ ಇಲ್ಲಿಗೇ ನಿಲ್ಲಿಸಿಬಿಡುತ್ತೆ.

ಅದೇ ಬಂಡೆ ಮೇಲೆ 'ಖುದಕ' ಅನ್ನೋ ಇನ್ನೊಂದು ಪದ ಐತಿ. ಖುದಕ ಅಂದ್ರೆ ಸಣ್ಣವನು, ಕೆಳಗಿನವನು. ಧಮ್ಮದಲ್ಲಿ ನಡೆದರೆ ಸಣ್ಣವನೂ ಗುರಿ ಮುಟ್ಟಬಲ್ಲ, ಅದು ದೊಡ್ಡವರಿಗಷ್ಟೇ ಅಂತ ತಿಳಿಯಬಾರದು, ಇದನ್ನ ಇಬ್ಬರಿಗೂ ಹೇಳಬೇಕು ಅನ್ನೋದು ಅಲ್ಲಿನ ಸಾರಾಂಶ. ಇದು ಜಾತಿ ವಿನಾಶದ ಶಾಸನ ಅಂತ ನಾನು ಹೇಳಲ್ಲ. ರಾಜ ರಾಜನೇ. ಆದರೆ ಅಕ್ಷರ ಕಿವಿಗೆ ಬೀಳಬಾರದು ಅಂತ ನಮ್ಮನ್ನ ದೂರ ಇಟ್ಟ ನಾಡಿನಲ್ಲಿ, 2,200 ವರ್ಷಗಳಿಗೂ ಹಿಂದೆ, 'ಸಣ್ಣವರಿಗೂ ಹೇಳಿ' ಅಂತ ಕಲ್ಲಲ್ಲಿ ಕೆತ್ತಿಸಿದ್ದು ಸಣ್ಣ ಮಾತಲ್ಲ.

ಅಲ್ಲಿಂದ ಲಿಂಗಸುಗೂರು ದಾಟಿ ಮುದಗಲ್ ಹತ್ತಿರದ ಪಿಕ್ಲಿಹಾಳ. 1950ರ ದಶಕದಲ್ಲಿ ಆಲ್ಚಿನ್ ಎಂಬ ವಿದ್ವಾಂಸ ಅಗೆದ ನವಶಿಲಾಯುಗದ ಊರು. ಬಂಡೆ ತುಂಬಾ ದನಗಳ ಚಿತ್ರ. ದನ ಸಾಕಿದ ಆ ಜನ ದನ ತಿಂತಿದ್ದರು ಅನ್ನೋದನ್ನ ನಮ್ಮ ಸೀಮೆಯ ಆ ಕಾಲದ ನೆಲೆಗಳಲ್ಲಿ ಸಿಕ್ಕ ಎಲುಬುಗಳೇ ಹೇಳ್ತವೆ. ನಮ್ಮ ತಟ್ಟೆ ನೋಡಿ ಮೂಗು ಮುರಿಯೋರು ಒಮ್ಮೆ ಇಲ್ಲಿಗೆ ಬರಬೇಕು.

ಕೊನೆಗೆ ಹಟ್ಟಿ. ಒಳಗೆ ಬಿಡಲ್ಲ, ಹೊರಗೇ ನಿಂತ್ವಿ. ಇಲ್ಲಿನ ಹಳೇ ಗಣಿ 640 ಅಡಿ ಆಳ ಇಳಿದಿತ್ತು. ಒಳಗೆ ಸಿಕ್ಕ ಮರದ ತುಂಡುಗಳಿಗೆ ಸುಮಾರು 2,000 ವರ್ಷ. ಯಂತ್ರ ಇಲ್ಲ, ಮದ್ದಿಲ್ಲ. ಬಂಡೆಗೆ ಬೆಂಕಿ ಹಚ್ಚಿ, ಕಾದ ಮೇಲೆ ನೀರು ಸುರಿದು, ಬಿರುಕು ಬಿಟ್ಟದ್ದನ್ನ ಒಡೀಬೇಕು. ಆ ಹೊಗೆಯಲ್ಲಿ ಉಸಿರು ಹಿಡಿದು ಇಳಿದವರು ಯಾರು?

ಆಗ ಆ ಹುಡುಗನಿಗೆ ಹೇಳಿದೆ: ಪಿರಮಿಡ್ಡಿನ ಎತ್ತರ ಬಿಡು. ಗಿಜಾದಲ್ಲಿ ಅದನ್ನ ಕಟ್ಟಿದ ಕೆಲಸಗಾರರ ಗೋರಿಗಳು 1990ರಲ್ಲಿ ಸಿಕ್ಕವು, ಹೆಸರುಗಳ ಸಮೇತ. ಖುಫುವಿನ ಪಿರಮಿಡ್ಡಿಗೆ ದೋಣಿಯಲ್ಲಿ ಸುಣ್ಣದ ಕಲ್ಲು ಸಾಗಿಸಿದ ತಂಡದ ಮೇಸ್ತ್ರಿ ಮೆರೆರ್ ಬರೆದಿಟ್ಟ ದಿನಚರಿ 2013ರಲ್ಲಿ ಸಿಕ್ತು. ನಮಗೆ ಇಲ್ಲದ್ದು ಪಿರಮಿಡ್ ಅಲ್ಲ ತಮ್ಮಾ, ಆ ದಿನಚರಿ.

ನಮ್ಮ ಜೊತೆ ಬಂದಿದ್ದ ಒಬ್ಬ ಹುಡುಗಿಯ ತಾತ ಗಣಿ ಕೆಲಸಗಾರ. ವಾಪಸ್ ಬರುವಾಗ ಅವಳು ಅಜ್ಜಿಗೆ ಫೋನ್ ಹಚ್ಚಿದಳು: "ಅಮ್ಮಾ, ತಾತ ಗಣಿಯೊಳಗೆ ಏನ್ ಕೆಲಸ ಮಾಡ್ತಿದ್ದ?" ಮಸ್ಕಿ ಬರೋ ತನಕ ಕೇಳಿದಳು, ನೋಟ್‌ಬುಕ್ಕಿನಲ್ಲಿ ಬರ್ಕೊಂಡಳು.

ನಿಮ್ಮ ಮನೇಲೂ ಹಿರಿಯರು ಇರ್ತಾರೆ. ಇವತ್ತೇ ಕೇಳಿ, ಬರೆದಿಡಿ. ನಾಳೆ ಅಂದ್ರೆ ಕೇಳೋಕೆ ಯಾರೂ ಉಳಿದಿರಲ್ಲ.

ಜೈ ಭೀಮ್.